ಹಾಡು ಹಚ್ಚಿದರೆ ಮೊಬೈಲ್ ಕರಕರ ಅನ್ನುತ್ತದೆಯೇ? ರಿಂಗರ್ ಬದಲಿಸುವ ಮೊದಲು ಇಷ್ಟು ನೋಡಿ

"ಹಾಡ ಹಚ್ಚಿದ್ರ ಕರಕರ ಅಂತೈತ್ರಿ, ರಿಂಗರ್ ಹೋಗೇತೇನ್ರಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ವಿಜಯಪುರದ ಕಡೆ ಜೋಳ, ತೊಗರಿ ರಾಶಿ ನಡೆದಾಗ ಒಂದು ಸುತ್ತು, ಬೆಳಗಾವಿ, ಖಾನಾಪುರದಲ್ಲಿ ಮಳೆ ಹಿಡಿದಾಗ ಇನ್ನೊಂದು ಸುತ್ತು, ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿಯ ಟ್ರ್ಯಾಕ್ಟರ್ ಚಾಲಕರದು ಮತ್ತೊಂದು ಸುತ್ತು. ರಿಂಗರ್ ಅಂದರೆ ಫೋನಿನ ಕೆಳತುದಿಯ ದೊಡ್ಡ ಸ್ಪೀಕರ್, ರಿಪೇರಿ ಅಂಗಡಿಯ ಮಾತು. ಕಿವಿಗೆ ಹಿಡಿಯುವ ಮೇಲಿನದಕ್ಕೆ ಇಯರ್ ಸ್ಪೀಕರ್ ಅನ್ನುತ್ತಾರೆ.

ಅನಗತ್ಯ ಸದ್ದು ಹುಟ್ಟುವ ಜಾಗ ಐದು: ಹಾಡಿನ ಫೈಲು, ಫೋನಿನ ಸೆಟ್ಟಿಂಗು, ವೈರು ಇಲ್ಲವೇ ಬ್ಲೂಟೂತ್, ಕರೆಂಟು, ಕಡೆಗೆ ಸ್ಪೀಕರ್. ಬಹುತೇಕರು ಕಡೆಯದರಿಂದ ಶುರು ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸದ್ದು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಕೈಯಲ್ಲಿ ಇರಬೇಕಾದದ್ದು: ಚೆನ್ನಾಗಿದೆ ಎಂದು ಗೊತ್ತಿರುವ ಒಂದು ವೈರಿನ ಇಯರ್‌ಫೋನ್, ಒಂದು ಪವರ್ ಬ್ಯಾಂಕ್, ಸಣ್ಣ ಟಾರ್ಚ್, ಮೆತ್ತನೆ ಕೂದಲಿನ ಹೊಸ ಹಲ್ಲುಜ್ಜುವ ಬ್ರಷ್, ಪೇಂಟಿಂಗ್ ಕೆಲಸದವರು ಬಳಸುವ ಮಾಸ್ಕಿಂಗ್ ಟೇಪ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್. ಕಡೆಯದನ್ನು ರಿಪೇರಿ ಸಾಮಾನು ಮಾರುವವರು ಐಪಿಎ ಅನ್ನುತ್ತಾರೆ. ಶೇ. 99ರದ್ದು ಒಳ್ಳೆಯದು. ಪೆಟ್ರೋಲ್, ಥಿನ್ನರ್ ಅದರ ಬದಲಿ ಅಲ್ಲ, ಪ್ಲಾಸ್ಟಿಕ್ಕನ್ನೂ ಅಂಟನ್ನೂ ತಿನ್ನುತ್ತವೆ.

1. ಮೊದಲು ಸದ್ದಿನ ಜಾತಿ ಗುರುತಿಸಿ

ಎರಡು ನಿಮಿಷ ಸುಮ್ಮನೆ ಕೇಳಿ. ಹಾಡು ನಿಲ್ಲಿಸಿದ ಮೇಲೂ ಸುಯ್ ಎಂದು ಒಂದೇ ಸಮ ಬರುತ್ತಿದ್ದರೆ ಅದು ಆಂಪ್ಲಿಫಯರಿನ ಸದ್ದು. ಗುಂಯ್ ಎಂಬ ದಪ್ಪ ಸದ್ದು, ಚಾರ್ಜರ್ ಹಾಕಿದಾಗ ಹೆಚ್ಚಿದರೆ ಕರೆಂಟಿನದು. ನಮ್ಮ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಜ್. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಆ 50 ಅಥವಾ ಅದರ ದುಪ್ಪಟ್ಟು 100 ಹರ್ಟ್ಜೇ ಗುಂಯ್ ಎಂದು ಕೇಳುವುದು. ವೈರು ಅಲುಗಾಡಿಸಿದಾಗ ಮಾತ್ರ ಚಟಪಟ ಅಂದರೆ ಪಿನ್ನಿನದು. ವಾಲ್ಯೂಮ್ ಏರಿಸಿದಾಗ ಮಾತ್ರ ತಗಡು ಬಡಿದಂತೆ ಕರಕರ ಅಂದರೆ ಸೆಟ್ಟಿಂಗು ಇಲ್ಲವೇ ಸ್ಪೀಕರ್.

ಹಾಡು ಶುರುವಾಗುವಾಗ, ಮುಗಿದ ಕೆಲವು ಸೆಕೆಂಡಿಗೆ ಸಣ್ಣಗೆ ಟಪ್ ಅನ್ನುವುದು ಬಹಳ ಫೋನುಗಳಲ್ಲಿ ಇರುವುದೇ. ಬ್ಯಾಟರಿ ಉಳಿಸಲು ಒಳಗಿನ ಆಂಪ್ಲಿಫಯರ್ ಮಲಗಿ ಏಳುವ ಸದ್ದು ಅದು. ಅದನ್ನು ರಿಪೇರಿ ಮಾಡಿಸಲು ಹೋಗಬೇಡಿ.

2. ಹಾಡೇ ಕೆಟ್ಟಿದೆಯೋ ನೋಡಿ

ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಡೊಳ್ಳಿನ ಪದ, ಜಾತ್ರೆಯಲ್ಲಿ ಸ್ಪೀಕರ್ ಎದುರೇ ನಿಂತು ರೆಕಾರ್ಡ್ ಮಾಡಿದ ವಿಡಿಯೊ, ಇವುಗಳಲ್ಲಿ ಕರಕರ ಫೈಲಿನೊಳಗೇ ಕೂತಿರುತ್ತದೆ. ಯಾವ ಫೋನಿನಲ್ಲಿ ಹಚ್ಚಿದರೂ ಅದು ಹೋಗದು. ಒಳ್ಳೆಯ ಮೂಲದಿಂದ ಒಂದು ಹಾಡನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಅದನ್ನೇ ಪರೀಕ್ಷೆಯ ಹಾಡು ಮಾಡಿಕೊಳ್ಳಿ. ನೆಟ್ಟಿನಿಂದ ನೇರ ಹಚ್ಚಬೇಡಿ, ನೆಟ್ ಕುಂಟಿದರೆ ಬರುವ ತಡೆಯನ್ನು ನೀವು ಸ್ಪೀಕರಿನ ದೋಷ ಅಂದುಕೊಳ್ಳುತ್ತೀರಿ.

ಆ ಹಾಡನ್ನು ಫೋನಿನ ಸ್ಪೀಕರಿನಲ್ಲೂ ವೈರಿನ ಇಯರ್‌ಫೋನಿನಲ್ಲೂ ಕೇಳಿ. ಇಯರ್‌ಫೋನಿನಲ್ಲಿ ಸ್ವಚ್ಛ, ಸ್ಪೀಕರಿನಲ್ಲಿ ಕರಕರ ಎಂದಾದರೆ 3ನೇ ಹಂತ ನೋಡಿ ನೇರ 7ಕ್ಕೆ ಹೋಗಿ. ಎರಡರಲ್ಲೂ ಇದ್ದರೆ ಮುಂದಿನ ಹಂತದಲ್ಲೇ ಬಹುಶಃ ಸಿಗುತ್ತದೆ.

3. ಈಕ್ವಲೈಜರ್, ಬೂಸ್ಟರ್ ಬಂದ್ ಮಾಡಿ

ಈಕ್ವಲೈಜರ್ ಅಂದರೆ ದಪ್ಪ ಸದ್ದು, ತೆಳು ಸದ್ದುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ವ್ಯವಸ್ಥೆ. ಇದು ಫೋನಿನ ಸೌಂಡ್ ಸೆಟ್ಟಿಂಗಿನಲ್ಲಿ ಒಂದು, ಹಾಡಿನ ಆಪಿನೊಳಗೆ ಇನ್ನೊಂದು ಇರುತ್ತದೆ. ಎರಡೂ ಆನ್ ಇದ್ದರೆ ಒಂದರ ಮೇಲೊಂದು ಕೂಡುತ್ತವೆ. ಈಗಿನ ಹಾಡುಗಳನ್ನು ಗರಿಷ್ಠ ಮಟ್ಟ ಮುಟ್ಟುವಂತೆಯೇ ತಯಾರಿಸಿರುತ್ತಾರೆ, ಮೇಲೆ ಜಾಗ ಉಳಿದಿರುವುದಿಲ್ಲ. ನೀವು ಬೇಸ್ ಅನ್ನು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಏರಿಸಿದರೆ ಸದ್ದಿನ ಅಲೆ ದುಪ್ಪಟ್ಟು ಎತ್ತರವಾಗಿ ತಲೆ ಕತ್ತರಿಸಿಕೊಳ್ಳುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಕೇಳುವುದು ಹರಿದ ಸ್ಪೀಕರಿನಂತೆಯೇ.

ಎಲ್ಲವನ್ನೂ ಆಫ್ ಮಾಡಿ, ಡಾಲ್ಬಿ ಅಟ್ಮಾಸ್‌ನಂಥವನ್ನೂ ಬಿಡದೆ. ಬೇಸ್ ಬೇಕೇ ಬೇಕೆಂದರೆ ಅದನ್ನು ಏರಿಸಿದಷ್ಟೇ ಪ್ರಿಆಂಪ್ ಎಂಬ ಗೆರೆಯನ್ನು ಇಳಿಸಿ. ವಾಲ್ಯೂಮ್ ಬೂಸ್ಟರ್ ಆಪುಗಳನ್ನು ತೆಗೆದೇಹಾಕಿ. ಸದ್ದನ್ನು ಅವು ಕೊಡುವುದು ಸ್ಪೀಕರಿನ ಆಯುಷ್ಯದಿಂದ ಸಾಲ ಎತ್ತಿ. ಫೋನಿನ ಪುಟ್ಟ ಸ್ಪೀಕರಿಗೆ ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಗಟ್ಟಿಯಾಗಿ ಕೊಡುವ ತಾಕತ್ತು ಇಲ್ಲ. ಡೊಳ್ಳಿನ ಹೊಡೆತ ಅದರಿಂದ ಬರಲೆಂದು ಒತ್ತಾಯಿಸಿದರೆ ಅದು ನಡುಗುತ್ತದೆ, ಅಷ್ಟೇ.

ಯಾವುದೋ ಆಪ್ ತೊಂದರೆ ಕೊಡುತ್ತಿದೆ ಅನ್ನಿಸಿದರೆ ಸೇಫ್ ಮೋಡ್ ಪ್ರಯತ್ನಿಸಿ. ಬಹಳ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿ ಒತ್ತಿ, ತೆರೆಯಲ್ಲಿ ಬರುವ ಪವರ್ ಆಫ್ ಮೇಲೆ ಬೆರಳನ್ನು ಒತ್ತಿಹಿಡಿದರೆ ಸೇಫ್ ಮೋಡಿಗೆ ಹೋಗಬೇಕೇ ಎಂದು ಫೋನ್ ಕೇಳುತ್ತದೆ. ನೀವು ಹಾಕಿಕೊಂಡ ಆಪುಗಳೆಲ್ಲ ಅಲ್ಲಿ ಮಲಗಿರುತ್ತವೆ. ಡೌನ್‌ಲೋಡ್ ಮಾಡಿದ ಹಾಡನ್ನು ಫೋನಿನ ಸ್ವಂತ ಪ್ಲೇಯರಿನಲ್ಲಿ ಹಚ್ಚಿ. ಆಗ ಕರಕರ ಇಲ್ಲವಾದರೆ ತಪ್ಪು ಆಪಿನದೇ.

4. ಪಿನ್ನು, ತೂತು, ವೈರು

ಹಾಡಿನಲ್ಲಿ ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ ದೂರ. ಇಯರ್‌ಫೋನಿನ ಮೈಕ್ ಗುಂಡಿ ಒತ್ತಿಹಿಡಿದರೆ ಸರಿಯಾಗುತ್ತದೆ, ಬಿಟ್ಟರೆ ಮತ್ತೆ ಹಾಗೇ. ಈ ಲಕ್ಷಣ ಕಂಡರೆ ಫೋನೂ ಚೆನ್ನಾಗಿದೆ, ಇಯರ್‌ಫೋನೂ ಚೆನ್ನಾಗಿದೆ. ಎರಡರ ನಡುವಿನ ಗ್ರೌಂಡ್ (ಕರೆಂಟು ಮರಳುವ ದಾರಿ) ಸಂಪರ್ಕ ತಪ್ಪಿದೆ, ಅಷ್ಟೇ.

3.5 ಎಂ.ಎಂ. ಪಿನ್ನನ್ನು ಹತ್ತಿರದಿಂದ ನೋಡಿ. ಮೈಕ್ ಇರುವ ಇಯರ್‌ಫೋನಿನದಾದರೆ ಮೂರು ಕಪ್ಪು ಉಂಗುರ, ನಾಲ್ಕು ಲೋಹದ ಭಾಗ. ತುದಿ ಎಡಗಿವಿಗೆ, ಎರಡನೆಯದು ಬಲಗಿವಿಗೆ. ಉಳಿದೆರಡು ಗ್ರೌಂಡ್ ಮತ್ತು ಮೈಕ್. ಈಗಿನ ಫೋನುಗಳಲ್ಲಿ ಮೂರನೆಯದು ಗ್ರೌಂಡ್, ನಾಲ್ಕನೆಯದು ಮೈಕ್. ಈ ಪದ್ಧತಿಗೆ ಸಿಟಿಐಎ ಎಂದು ಹೆಸರು. ಹಳೆಯ ಕೆಲವು ಇಯರ್‌ಫೋನುಗಳಲ್ಲಿ ಇವೆರಡು ಅದಲುಬದಲಾಗಿರುತ್ತವೆ, ಅದು ಒಎಂಟಿಪಿ. ಗ್ರೌಂಡ್ ಸಿಗದಿದ್ದಾಗ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಗಾಯಕರ ದನಿ ಎರಡೂ ಬದಿ ಸಮ ಇರುವುದರಿಂದ ಅದೇ ಮೊದಲು ಮಾಯವಾಗುತ್ತದೆ. ಪಿನ್ನು ಪೂರ್ತಿ ಒಳಹೋಗದಿದ್ದರೂ ಹೀಗೇ ಆಗುತ್ತದೆ. ದಪ್ಪ ರಬ್ಬರ್ ಕವರ್ ತೆಗೆದು ಪಿನ್ನು ಚುಚ್ಚಿ ನೋಡಿ, ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಕವರ್ ತೆಗೆದರೂ ಪಿನ್ನು ಕೂರದಿದ್ದರೆ ತೂತಿನಲ್ಲಿ ಕಸ ತುಂಬಿದೆ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಮಗ್ಗದವರ ಜೇಬಿನ ಫೋನಿನಲ್ಲಿ ನೂಲಿನ ಎಳೆ ತಳಕ್ಕೆ ಸೇರಿ ಪಿನ್ನಿನ ಒತ್ತಿಗೆ ಬತ್ತಿಯಂತೆ ಗಟ್ಟಿಯಾಗಿರುತ್ತದೆ. ಫೋನ್ ಆಫ್ ಮಾಡಿ, ತೂತನ್ನು ಕೆಳಮುಖ ಹಿಡಿದು, ಮರದ ಹಲ್ಲುಕಡ್ಡಿಯ ತುದಿಯಿಂದ ಅಂಚಿನ ಗುಂಟ ಮೆಲ್ಲಗೆ ಕೆದಕಿ ಹೊರಗೆಳೆಯಿರಿ. ಗುಂಡುಸೂಜಿ, ಸೂಜಿ ಬೇಡ. ಒಳಗಿನ ಸ್ಪ್ರಿಂಗ್ ಪಟ್ಟಿ ಬಾಗಿದರೆ ಇಡೀ ಜಾಕ್ ಬದಲಿಸಬೇಕು. ಟೈಪ್-ಸಿ ತೂತಿನಲ್ಲಿ ಇನ್ನೂ ಜೋಪಾನ, ನಡುವೆ ಇರುವ ತೆಳು ನಾಲಿಗೆ ಮುರಿದರೆ ಚಾರ್ಜಿಂಗೂ ಹೋಗುತ್ತದೆ. ಪಿನ್ನು ಕಪ್ಪಾಗಿದ್ದರೆ ಬಟ್ಟೆಗೆ ಐಪಿಎ ಹನಿಸಿ ಒರೆಸಿ, ಎರಡು ನಿಮಿಷ ಆರಲು ಬಿಡಿ.

ಟೈಪ್-ಸಿಯಿಂದ 3.5 ಎಂ.ಎಂ.ಗೆ ಮಾಡಿಕೊಡುವ ಮೋಟು ವೈರಿನಲ್ಲಿ ಎರಡು ತಳಿ ಇವೆ. ಒಂದರೊಳಗೆ ಡ್ಯಾಕ್ ಎಂಬ ಚಿಪ್ ಇರುತ್ತದೆ, ಅಂಕಿಯನ್ನು ಸದ್ದಾಗಿ ಬದಲಿಸುವುದು ಅದರ ಕೆಲಸ. ಇನ್ನೊಂದು ಬರೀ ವೈರು, ಅದಕ್ಕೆ ಹೊಂದುವ ಫೋನಿನಲ್ಲಷ್ಟೇ ನಡೆಯುತ್ತದೆ. ಕೊಳ್ಳುವಾಗ ಡ್ಯಾಕ್ ಇರುವುದನ್ನೇ ಕೇಳಿ.

5. ಚಾರ್ಜರ್, ಗುಡಿಯ ಆಂಪ್ಲಿಫಯರ್, ಟ್ರ್ಯಾಕ್ಟರ್

ಪರೀಕ್ಷೆ ಒಂದೇ ಕ್ಷಣದ್ದು. ಗುಂಯ್ ಅನ್ನುತ್ತಿರುವಾಗಲೇ ಚಾರ್ಜರಿನ ವೈರು ಕೀಳಿ. ಸದ್ದು ನಿಂತಿತೇ? ಹಾಗಾದರೆ ಫೋನಿನದಾಗಲಿ ಸ್ಪೀಕರಿನದಾಗಲಿ ತಪ್ಪಿಲ್ಲ. ಈಗ ಪವರ್ ಬ್ಯಾಂಕಿನಿಂದ ಚಾರ್ಜಿಗೆ ಹಾಕಿ. ಸದ್ದು ಬರದಿದ್ದರೆ ಸಮಸ್ಯೆ ಗೋಡೆಯ ಕರೆಂಟಿನ ದಾರಿಯಲ್ಲಿದೆ ಎಂದು ಪಕ್ಕಾ.

ಎರಡು ಪಿನ್ನಿನ ಚಾರ್ಜರುಗಳೊಳಗೆ ಕರೆಂಟಿನ ಬದಿಯಿಂದ ಫೋನಿನ ಬದಿಗೆ ಸಾಮಾನ್ಯವಾಗಿ ಒಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ರೇಡಿಯೊ, ಟಿವಿಗೆ ತೊಂದರೆಯಾಗದಿರಲಿ ಎಂದು ಇಟ್ಟದ್ದು. ಅದರ ಮೂಲಕ ಅತಿ ಸಣ್ಣ ಪ್ರಮಾಣದ ಕರೆಂಟು ಸೋರುತ್ತದೆ. ಲೋಹದ ಅಂಚಿನ ಫೋನ್ ಚಾರ್ಜಿನಲ್ಲಿದ್ದಾಗ ಬೆರಳು ಆಡಿಸಿದರೆ ಜುಮ್ ಅನ್ನುವುದು ಇದೇ. ಒಳ್ಳೆಯ ಚಾರ್ಜರಿನಲ್ಲಿ ಅದು ಮಿತಿಯೊಳಗೆ ಇರುತ್ತದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಚಾರ್ಜರನ್ನು ನಂಬಬೇಡಿ, ಅದರಲ್ಲಿ ಗುಂಯ್ ಸದ್ದಿಗಿಂತ ದೊಡ್ಡ ಅಪಾಯ ಶಾಕಿನದು. ಚಾರ್ಜರಿನ ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪಿನಲ್ಲಿ ಆ ಸಂಖ್ಯೆ ಹಾಕಿ ಅಸಲಿಯೋ ನಕಲಿಯೋ ನೋಡಬಹುದು.

ಬೆಳಗಿನ ಭಜನೆಗೆ ಗುಡಿಯ ಆಂಪ್ಲಿಫಯರಿಗೆ ಫೋನ್ ಜೋಡಿಸುವವರಿಗೆ ಕೆಲವು ಮಾತು ಬೇರೆ. ಫೋನನ್ನು ಮೈಕ್ ಎಂದು ಬರೆದ ತೂತಿಗೆ ಚುಚ್ಚಬೇಡಿ, ಆಕ್ಸ್ ಅಥವಾ ಲೈನ್ ಎಂದಿರುವುದಕ್ಕೆ ಹಾಕಿ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಫೋನಿನಿಂದ ಬರುವುದು ಅರ್ಧ ವೋಲ್ಟ್ ಆಸುಪಾಸು. ನೂರು ಪಟ್ಟು ಹೆಚ್ಚಿನದನ್ನು ಮೈಕಿನ ಬಾಯಿಗೆ ತುರುಕಿದರೆ ಕರಕರ ಅನ್ನದೆ ಇನ್ನೇನು? ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಆಂಪ್ಲಿಫಯರಿನ ವಾಲ್ಯೂಮ್ ತಿರುವುವ ಗುಬ್ಬಿಯನ್ನು ಕೆಳಗಿನಿಂದ ಏರಿಸುತ್ತ ಬನ್ನಿ. ಫೋನ್ ಸಣ್ಣಗಿಟ್ಟು ಗುಬ್ಬಿ ಪೂರ್ತಿ ತಿರುವಿದರೆ ಹಾಡಿನ ಜೊತೆ ಸುಯ್ ಸದ್ದೂ ಇಡೀ ಊರಿಗೆ ಕೇಳುತ್ತದೆ.

ಆಂಪ್ಲಿಫಯರಿನ ತೂತು ಮೋನೊ ಆಗಿದ್ದರೆ, ಅಂದರೆ ಒಂದೇ ದಾರಿಯದಾದರೆ, ಸ್ಟೀರಿಯೊ ಪಿನ್ನನ್ನು ಹಾಗೇ ಹಾಕಬೇಡಿ. ಫೋನಿನ ಬಲಬದಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಎಡ, ಬಲ ಎರಡೂ ವೈರಿಗೆ ತಲಾ 1 ಕಿಲೋಓಮ್‌ನ ಒಂದೊಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಹಾಕಿ, ಆಚೆ ತುದಿಗಳನ್ನು ಕೂಡಿಸಿ ಪಿನ್ನಿನ ತುದಿಗೆ ಬೆಸೆಯಿರಿ. ರೆಸಿಸ್ಟರ್ ಇಲ್ಲದೆ ಎರಡನ್ನೂ ನೇರ ಕೂಡಿಸಿದರೆ ಫೋನಿನ ಎರಡು ಬದಿ ಒಂದಕ್ಕೊಂದು ಗುದ್ದಾಡುತ್ತವೆ. ಗಣೇಶೋತ್ಸವದ ವೇದಿಕೆಯಲ್ಲಿ ದೊಡ್ಡ ಮಿಕ್ಸರ್ ಇದ್ದರೆ ಮೊದಲು 48 ವೋಲ್ಟಿನ ಫ್ಯಾಂಟಮ್ ಗುಂಡಿ ಆಫ್ ಇದೆಯೇ ನೋಡಿ. ಕೆಲವು ಮೈಕಿಗೆ ಬೇಕಾದ ಆ ಕರೆಂಟು ಫೋನಿನೊಳಗೆ ಹೊಕ್ಕರೆ ಆಡಿಯೊ ಚಿಪ್ಪಿಗೆ ಅಪಾಯ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗುಂಯ್ ಹೋಗಲಿ ಎಂದು ಆಂಪ್ಲಿಫಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನು ಕತ್ತರಿಸುವ ಅಭ್ಯಾಸ ನಮ್ಮ ಕಡೆ ಇದೆ. ಸದ್ದು ಹೋಗಬಹುದು. ಮುಂದೊಂದು ದಿನ ಒಳಗಿನ ವೈರು ಬಿಟ್ಟು ಡಬ್ಬಿಗೆ ತಾಗಿದರೆ ಮೈಕ್ ಹಿಡಿದವರ ಜೀವ ಹೋಗುತ್ತದೆ. ಅದನ್ನು ಮಾಡಲೇಬೇಡಿ.

ಸರಿಯಾದ ಉಪಾಯ ಗ್ರೌಂಡ್ ಲೂಪ್ ಐಸೊಲೇಟರ್. ಎರಡು ಸಾಧನಗಳ ಗ್ರೌಂಡ್ ಎರಡು ದಾರಿಯಿಂದ ಕೂಡಿ ಬಳೆಯಂತಾದಾಗ ಆ ಬಳೆಯಲ್ಲಿ ಕರೆಂಟು ಸುತ್ತುತ್ತದೆ, ಅದೇ ಗುಂಯ್. ಐಸೊಲೇಟರ್ ಬೆಂಕಿಪೊಟ್ಟಣದಷ್ಟು ಡಬ್ಬಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಸದ್ದು ಅಯಸ್ಕಾಂತ ಬಲದ ಮೂಲಕ ದಾಟುತ್ತದೆ, ತಾಮ್ರದ ತಂತಿ ಮಾತ್ರ ನಡುವೆ ಕಡಿದಿರುತ್ತದೆ. ಅಗ್ಗದ್ದರಲ್ಲಿ ಬೇಸ್ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟು ಸಹಿಸಿಕೊಳ್ಳಿ. ಆಕ್ಸ್ ವೈರಿನ ನಡುವೆ ಇದನ್ನು ಸೇರಿಸಿದರೆ ಆಯಿತು.

ಕಬ್ಬಿನ ಟ್ರ್ಯಾಕ್ಟರಿನಲ್ಲೂ ಇದೇ ಕತೆ, ರಾಗ ಮಾತ್ರ ಬೇರೆ. ಕುಂಯ್ ಎಂಬ ಸಣ್ಣ ದನಿ ಎಕ್ಸಲರೇಟರ್ ಕೊಟ್ಟಂತೆ ಏರಿ, ಬಿಟ್ಟರೆ ಇಳಿಯುತ್ತದೆ. ಎಂಜಿನ್ನಿನ ಬಲದಿಂದ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್‌ನೇಟರಿನ ಸದ್ದು ಅದು. 12 ವೋಲ್ಟಿನ ಬ್ಯಾಟರಿಯಿಂದ ಫೋನ್ ಚಾರ್ಜ್ ಆಗುತ್ತಿದೆ, ಅದೇ ಫೋನ್ ಆಕ್ಸ್ ವೈರಿನಿಂದ ಆಂಪ್ಲಿಫಯರಿಗೂ ಕೂಡಿದೆ, ಬಳೆ ಪೂರ್ತಿಯಾಯಿತು. ಹಾಡು ಹಚ್ಚುವಾಗ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿ, ಇಲ್ಲವೇ ಐಸೊಲೇಟರ್ ಹಾಕಿ. ಆಂಪ್ಲಿಫಯರಿನ ಮೈನಸ್ ವೈರನ್ನು ಚಾಸಿಯ ಯಾವುದೋ ತುಕ್ಕು ಹಿಡಿದ ಬೋಲ್ಟಿಗೆ ಕಟ್ಟಿದ್ದರೆ ಬಿಚ್ಚಿ ನೇರ ಬ್ಯಾಟರಿಯ ಮೈನಸ್ಸಿಗೇ ತನ್ನಿ. ಆಕ್ಸ್ ವೈರನ್ನೂ ಬ್ಯಾಟರಿ ವೈರನ್ನೂ ಜೊತೆಗೆ ಹುರಿಗಟ್ಟಿ ಎಳೆಯಬೇಡಿ.

ಕರೆ ಬರುವ ಮೊದಲು ಟಿಕ್‌ಟಿಕ್‌ಟಿರ್ರ್ ಎಂದು ಆಂಪ್ಲಿಫಯರ್ ಒದರುವುದು 2ಜಿ ಸಿಗ್ನಲ್ಲಿನದು. 2ಜಿಯಲ್ಲಿ ಫೋನ್ ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ ಸಿಗ್ನಲ್ ಕಳಿಸುತ್ತದೆ, ಅದನ್ನು ಆಕ್ಸ್ ವೈರು ಹಿಡಿದುಕೊಳ್ಳುತ್ತದೆ. ಫೋನನ್ನು ಆಂಪ್ಲಿಫಯರಿನಿಂದ ಒಂದು ಮೀಟರ್ ದೂರವಿಡಿ ಅಥವಾ ಏರೋಪ್ಲೇನ್ ಮೋಡ್ ಹಾಕಿ.

6. ಬ್ಲೂಟೂತ್

ಬ್ಲೂಟೂತಿನಲ್ಲಿ ಗುಂಯ್ ಬರುವುದು ಅಪರೂಪ, ಕಡಿಕಡಿದು ಬರುವುದೇ ದೂರು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಜ್‌ನಲ್ಲಿ. ವೈಫೈ, ಮೈಕ್ರೋವೇವ್ ಓವನ್ ಕೂಡ ಅಲ್ಲೇ. ನಮ್ಮ ಮೈಯ ನೀರಿನಂಶವೂ ಆ ಅಲೆಯನ್ನು ಹೀರುತ್ತದೆ, ಹಿಂದಿನ ಜೇಬಿನ ಫೋನನ್ನು ಮುಂದಿನ ಜೇಬಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಆಗದಿದ್ದರೆ ಸಾಧನವನ್ನು ಪಟ್ಟಿಯಿಂದ ಅಳಿಸಿ ಹೊಸದಾಗಿ ಜೋಡಿಸಿ. ಎಲ್‌ಡ್ಯಾಕ್ (ಬ್ಲೂಟೂತಿನಲ್ಲಿ ಹೆಚ್ಚು ಗುಣಮಟ್ಟದ ಸದ್ದು ಕಳಿಸುವ ಪದ್ಧತಿ) ಇರುವ ಇಯರ್‌ಬಡ್ ಆದರೆ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿ ಡೆವಲಪರ್ ಆಯ್ಕೆ ತೆರೆಯಿರಿ, ಅಲ್ಲಿ ಗುಣಮಟ್ಟವನ್ನು 990ರಿಂದ 660 ಇಲ್ಲವೇ 330 ಕಿಲೋಬಿಟ್‌ಗೆ ಇಳಿಸಿ. ಆ ಪುಟದಲ್ಲಿ ಬೇರೇನನ್ನೂ ಮುಟ್ಟಬೇಡಿ. ಹಾಡಿಲ್ಲದಾಗಲೂ ಇಯರ್‌ಬಡ್‌ನಲ್ಲಿ ತೆಳು ಸುಯ್ ಇದ್ದರೆ ನಾಯ್ಸ್ ಕ್ಯಾನ್ಸಲೇಶನ್ ಬಂದ್ ಮಾಡಿ ನೋಡಿ. ಆಗಲೂ ಇದ್ದರೆ ಅದು ಅದರ ಆಂಪ್ಲಿಫಯರಿನ ಗುಣ, ಬದಲಿಸುವುದೇ ದಾರಿ.

7. ಸ್ಪೀಕರ್ ಸ್ವಚ್ಛ ಮಾಡುವುದು

ಇಲ್ಲಿಗೆ ಬಂದಿದ್ದೀರಿ ಅಂದರೆ ಸ್ಪೀಕರೇ ಅನುಮಾನದಲ್ಲಿದೆ. ಕೆಳಗೊಂದು ಮೇಲೊಂದು ಸ್ಪೀಕರ್ ಇರುವ ಫೋನಾದರೆ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಆಡಿಯೊ ಬ್ಯಾಲೆನ್ಸ್ ಗೆರೆಯನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ಎಳೆದು ಯಾವುದು ಕರಕರ ಅನ್ನುತ್ತದೆ ತಿಳಿದುಕೊಳ್ಳಿ. ಆಮೇಲೆ ಗೆರೆಯನ್ನು ನಡುವಿಗೆ ತರಲು ಮರೆಯಬೇಡಿ.

ಈಗ ಟಾರ್ಚನ್ನು ಜಾಲರಿಗೆ ಓರೆಯಾಗಿ ಹಿಡಿದು ನೋಡಿ. ಎರೆಮಣ್ಣಿನ ಧೂಳು, ರಾಶಿಯ ಹೊಟ್ಟು, ಸಿಮೆಂಟು, ಇವು ಚಪ್ಪಟೆಯಾಗಿ ಕೂತಿರುತ್ತವೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಲೇತ್ ಕೆಲಸದವರ ಫೋನಿನಲ್ಲಿ ಕಾಣುವುದೇ ಬೇರೆ: ಕಬ್ಬಿಣದ ಪುಡಿ ಮುಳ್ಳುಹಂದಿಯ ಮೈಯಂತೆ ನೆಟ್ಟಗೆ ನಿಂತಿರುತ್ತದೆ, ಹಾಡು ಹಚ್ಚಿದರೆ ಕುಣಿಯುತ್ತದೆ. ಸ್ಪೀಕರಿನೊಳಗೆ ಅಯಸ್ಕಾಂತ ಇರುವುದರಿಂದ ಅದು ಪುಡಿಯನ್ನು ಎಳೆದುಕೊಳ್ಳುತ್ತದೆ. ಒಳಗಿನ ತೆಳು ಪೊರೆ ಹಿಂದೆಮುಂದೆ ಆಡುವುದು ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಒಂದು ಕಣ ಆ ಜಾಗದಲ್ಲಿ ಸಿಕ್ಕಿದರೂ ಕರಕರ ಶುರು.

ಒಣ ಧೂಳಾದರೆ ಸ್ಪೀಕರ್ ಕೆಳಮುಖ ಹಿಡಿದು ಒಣ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆಯಿರಿ. ಗೋಲಾಕಾರ ಉಜ್ಜಿದರೆ ಧೂಳು ಒಳಗೇ ಇಳಿಯುತ್ತದೆ. ಕಬ್ಬಿಣದ ಪುಡಿಗೆ ಬ್ರಷ್ ಸಾಲದು, ಅಯಸ್ಕಾಂತ ಅದನ್ನು ಬಿಡುವುದಿಲ್ಲ. ಮಾಸ್ಕಿಂಗ್ ಟೇಪಿನ ಅಂಟು ಬದಿಯನ್ನು ಜಾಲರಿಗೆ ಒತ್ತಿ, ನೇರ ಮೇಲಕ್ಕೆತ್ತಿ. ಪ್ರತಿ ಸಲ ಹೊಸ ತುಂಡು. ಹತ್ತು ಹದಿನೈದು ಸಲ ಬೇಕಾಗಬಹುದು. ಜಾಲರಿಗೆ ಐಪಿಎ ಸುರಿಯಬೇಡಿ, ಧೂಳು ಕೆಸರಾಗಿ ಒಳಗಿಳಿಯುತ್ತದೆ.

ಸೂಜಿ ಹಾಕಬೇಡಿ, ಜಾಲರಿಯ ಹಿಂದೆಯೇ ಪೊರೆ ಇದೆ. ಪಕ್ಕದ ಒಂಟಿ ತೂತು ಸ್ಪೀಕರಿನದಲ್ಲ, ಮೈಕಿನದು, ಅದನ್ನು ಚುಚ್ಚಿ ಕರೆಯಲ್ಲಿ ದನಿಯೇ ಹೋಗದಂತೆ ಮಾಡಿಕೊಂಡವರಿಗೆ ಲೆಕ್ಕವಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಹೊಡೆಸಬೇಡಿ. ಅದರ ಒತ್ತಡ 100 ಪಿಎಸ್‌ಐ ದಾಟಿರುತ್ತದೆ, ಪೊರೆ ಹರಿಯಲು ಅಷ್ಟು ಬೇಕಾಗಿಲ್ಲ.

ಮಳೆಗೆ ತೊಯ್ದ ಫೋನಾದರೆ ಆಫ್ ಮಾಡಿ, ಚಾರ್ಜಿಗೆ ಹಾಕದೆ, ಸ್ಪೀಕರ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಹತ್ತಿಬಟ್ಟೆಯಲ್ಲಿ ಒರೆಸಿ, ಫ್ಯಾನ್ ಗಾಳಿಯಲ್ಲಿ 24 ತಾಸು ಬಿಡಿ. ಅಕ್ಕಿಡಬ್ಬಿ ಬೇಡ, ಅಕ್ಕಿಯ ಹಿಟ್ಟು ತೂತಿಗೆ ಸೇರುತ್ತದೆ. ಒಣಗಿದ ಮೇಲೂ ದನಿ ಮುಚ್ಚಿದಂತಿದ್ದರೆ ಜಾಲರಿಯ ಮೇಲಿನ ಹನಿ ಹೊರದೂಡಲು 165 ಹರ್ಟ್ಜ್‌ನ ಆಸುಪಾಸಿನ ಸದ್ದನ್ನು ನಡು ವಾಲ್ಯೂಮಿನಲ್ಲಿ ಒಂದು ನಿಮಿಷ ಹಚ್ಚಬಹುದು, ಅದಕ್ಕೆ ಟೋನ್ ಜನರೇಟರ್ ಆಪು ಸಾಕು. ಬಿದ್ದದ್ದು ಕಬ್ಬಿನ ಹಾಲೋ ಚಹಾವೋ ಆಗಿದ್ದರೆ ಮನೆಯ ಉಪಾಯ ನಡೆಯದು. ಸಕ್ಕರೆ ಒಣಗಿ ಪೊರೆಯನ್ನು ಅಂಟಿಸಿಬಿಡುತ್ತದೆ, ಅದೇ ದಿನ ಅಂಗಡಿಗೆ ಒಯ್ಯಿರಿ.

8. ಅಂಗಡಿಗೆ ಹೋಗುವಾಗ

ಹೋಗುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಹಾಡು ನಡೆದಾಗ ಫೋನಿನ ಹಿಂಬದಿಯ ಕೆಳಭಾಗವನ್ನು ಮೆಲ್ಲಗೆ ಒತ್ತಿದರೆ ಸದ್ದು ಬದಲಾಗುತ್ತದೆಯೇ? ಹಾಗಿದ್ದರೆ ರಿಂಗರ್ ಚೆನ್ನಾಗಿದ್ದು ಅದನ್ನು ಬೋರ್ಡಿಗೆ ಕೂಡಿಸುವ ಸ್ಪ್ರಿಂಗ್ ಚುಕ್ಕೆಗಳಿಗೆ ಕಿಲುಬು ಹತ್ತಿರುವ ಸಾಧ್ಯತೆ ಹೆಚ್ಚು. ಒರೆಸಿದರೆ ಸರಿಹೋಗುವ ಕೆಲಸ, ಅದನ್ನೇ ಮೊದಲು ಮಾಡಲು ಹೇಳಿ. ಎರಡನೆಯದು, ಹಿಂಬದಿ ಉಬ್ಬಿದೆಯೇ? ಬ್ಯಾಟರಿ ಊದಿ ಒಳಗಿನ ಸಾಮಾನು ಒತ್ತಿದಾಗಲೂ ಕರಕರ ಬರುತ್ತದೆ. ಆಗ ಒತ್ತಿ ನೋಡುವುದೂ ಬೇಡ, ಚಾರ್ಜ್ ಮಾಡುವುದೂ ಬೇಡ.

ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್. ಇಲ್ಲದಿದ್ದರೆ ಹೊರಗಿನ ಅಂಗಡಿಯಲ್ಲಿ ಮಲ್ಟಿಮೀಟರಿನಿಂದ ರಿಂಗರಿನ ಓಮ್ (ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ) ಅಳೆದು ತೋರಿಸಲು ಕೇಳಿ. ಸಾಮಾನ್ಯವಾಗಿ 8 ಓಮ್ ಆಸುಪಾಸು ಇರುತ್ತದೆ, ಇಯರ್ ಸ್ಪೀಕರಿನದು 32. ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ, ಬದಲಿಸಲೇಬೇಕು. ಸರಿಯಾದ ಅಂಕಿ ತೋರಿಸಿಯೂ ಕರಕರ ಅಂದರೆ ಪೊರೆ ಹರಿದಿದೆ ಅಥವಾ ಒಳಗೆ ಕಣ ಹೊಕ್ಕಿದೆ.

ಹೊಸ ರಿಂಗರ್ ಕೂಡಿಸಿದ ಮೇಲೆ ಹಿಂದಿನ ಮುಚ್ಚಳ ಅಂಟಿಸುವ ಮೊದಲು ನಿಮ್ಮ ಪರೀಕ್ಷೆಯ ಹಾಡನ್ನು ಅಲ್ಲೇ ಹಚ್ಚಿ, ಅರ್ಧ ವಾಲ್ಯೂಮಿನಲ್ಲಿ ಒಮ್ಮೆ, ಪೂರ್ತಿಯಲ್ಲಿ ಒಮ್ಮೆ ಕೇಳಿ. ಹಳೆಯ ರಿಂಗರನ್ನು ಕೇಳಿ ಇಸಿದುಕೊಳ್ಳಿ. ಮುಚ್ಚಳದ ಅಂಟು ಒಣಗುವವರೆಗೆ ಕ್ಲಿಪ್ಪು ಹಾಕಿಡಲು ಬಿಡಿ, ಅವಸರ ಮಾಡಬೇಡಿ. ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಗುಣ ಮೊದಲಿನಷ್ಟು ಉಳಿಯುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೇ ಹೊರಡಿ.